ಚಿಪ್ಪಿಗೆ ಪ್ರೋಗ್ರಾಂ ಇಳಿಸುವ ದಾರಿ

ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದ್ದು 1989ರಲ್ಲಿ. ಆಗ ಯಾವ ಬೋರ್ಡ್ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಲು ಆಯ್ಕೆಯೇ ಇರಲಿಲ್ಲ. ಲ್ಯಾಬಿನಲ್ಲಿದ್ದದ್ದು 8085 ಟ್ರೈನರ್ ಕಿಟ್. ಬೆಂಗಳೂರಿನ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್ ಮಾಡುತ್ತಿದ್ದ ಈ ಕಿಟ್‌ಗಳನ್ನು 'ಇಎಸ್‌ಎ ಕಿಟ್' ಎಂದೇ ಕರೆಯುತ್ತಿದ್ದೆವು. ಒಂದು ಕಡೆ ಹದಿನಾರಂಕಿಯ ಕೀಗಳು, ಮೇಲ್ಗಡೆ ಆರು ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ. ನಾಲ್ಕು ಅಂಕಿ ವಿಳಾಸಕ್ಕೆ, ಎರಡು ಅಂಕಿ ಅಲ್ಲಿರುವ ಬೈಟಿಗೆ. ಒಂದು ಕಿಟ್ಟಿಗೆ ನಾಲ್ಕೈದು ಹುಡುಗರು. ಒಬ್ಬ ಓದುವುದು, ಒಬ್ಬ ಒತ್ತುವುದು, ಉಳಿದವರು ಹೆಗಲ ಮೇಲಿಂದ ಇಣುಕುವುದು.

ಆ ಕಿಟ್ಟಿನಲ್ಲಿ ಐದಕ್ಕೆ ಮೂರು ಕೂಡಿಸಿ ಉತ್ತರವನ್ನು 8500ನೇ ವಿಳಾಸದಲ್ಲಿಡಲು ಒಂಬತ್ತು ಬೈಟ್ ಒತ್ತಬೇಕು: 3ಇ, 05, 06, 03, 80, 32, 00, 85, 76. 3ಇ ಎಂದರೆ ಮುಂದಿನ ಅಂಕಿಯನ್ನು ಎ ರಿಜಿಸ್ಟರಿಗೆ ಹಾಕು. 06 ಎಂದರೆ ಬಿ ರಿಜಿಸ್ಟರಿಗೆ ಹಾಕು. 80 ಎಂದರೆ ಎರಡನ್ನೂ ಕೂಡು. 32 ಎಂದರೆ ಉತ್ತರವನ್ನು ಈ ವಿಳಾಸದಲ್ಲಿ ಇಡು, ವಿಳಾಸದ ಹಿಂದಿನ ಅರ್ಧ ಮೊದಲು, ಮುಂದಿನ ಅರ್ಧ ಆಮೇಲೆ. 76 ಎಂದರೆ ನಿಲ್ಲು. ಇದನ್ನು ಬಾಯಿಪಾಠ ಮಾಡಿದ ಹುಡುಗ ಹುಡುಗಿಯರು ಪ್ರೊಸೆಸರ್ ಹೇಗೆ ಯೋಚಿಸುತ್ತದೆ ಎಂಬುದನ್ನು ಬೆರಳ ತುದಿಯಲ್ಲಿ ಕಲಿತರು. ಆದರೆ ಕರೆಂಟ್ ಹೋದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಲೋಡ್ ಶೆಡ್ಡಿಂಗಿನ ಆ ದಿನಗಳಲ್ಲಿ ಅರ್ಧ ಗಂಟೆ ಒತ್ತಿದ ಪ್ರೋಗ್ರಾಂ ಒಂದು ಕ್ಷಣದಲ್ಲಿ ಇಲ್ಲವಾಗುವುದನ್ನು ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಕಿಟ್ಟಿಗೆ ಇನ್ನೊಂದು ಮಿತಿ ಇತ್ತು. ಅದು ಲ್ಯಾಬಿನ ಬೀರುವಿನಿಂದ ಆಚೆ ಹೋಗುತ್ತಿರಲಿಲ್ಲ. ಅದರ ಮೇಲೆ ಒಂದು ಮೋಟಾರ್ ತಿರುಗಿಸಬಹುದಿತ್ತು, ಟ್ರಾಫಿಕ್ ದೀಪದ ಮಾದರಿ ಹೊತ್ತಿಸಬಹುದಿತ್ತು. ಮನೆಗೆ ಒಯ್ದು ನೀರಿನ ಟ್ಯಾಂಕಿಗೆ ಕಟ್ಟುವ ಹಾಗಿರಲಿಲ್ಲ. ಹವ್ಯಾಸಕ್ಕೆ ಬೇಕಾದದ್ದು ತನ್ನಷ್ಟಕ್ಕೆ ನಿಂತು, ಕರೆಂಟ್ ಹೋಗಿ ಬಂದರೂ ಪ್ರೋಗ್ರಾಂ ಮರೆಯದ ಒಂದು ಸಣ್ಣ ವಸ್ತು. ಅದು ನಮ್ಮ ಕೈಗೆ ಹೇಗೆ ಬಂತು ಎನ್ನುವುದನ್ನೇ ನಾನಿಲ್ಲಿ ಬರೆಯಹೊರಟಿರುವುದು. ಚಿಪ್ಪಿನ ವೇಗ, ಮೆಮರಿ, ಪಿನ್ನುಗಳ ಲೆಕ್ಕ ಎಲ್ಲವೂ ಮುಖ್ಯವೇ. ಆದರೂ ನಾನು ಕಂಡಂತೆ ಒಂದು ಚಿಪ್ ಗೆದ್ದು ಇನ್ನೊಂದು ಮೂಲೆಗೆ ಬಿದ್ದದ್ದಕ್ಕೆ ಅವಕ್ಕಿಂತ ದೊಡ್ಡ ಕಾರಣ ಬೇರೆ: ಅದರೊಳಗೆ ಪ್ರೋಗ್ರಾಂ ಇಳಿಸುವುದಕ್ಕೆ ಹುಡುಗರಿಗೆ ಎಷ್ಟು ಖರ್ಚು, ಎಷ್ಟು ಕಷ್ಟ.

ಇಂಟೆಲ್ ಕಂಪನಿ 8051 ಅನ್ನು ಹೊರತಂದದ್ದು 1980ರಲ್ಲಿ. ನಲವತ್ತು ಕಾಲಿನ ಆ ಒಂದೇ ಚಿಪ್ಪಿನಲ್ಲಿ ಪ್ರೊಸೆಸರ್, ಪ್ರೋಗ್ರಾಂಗೆ 4 ಕಿಲೋಬೈಟ್ ಜಾಗ, 128 ಬೈಟ್ ರ್ಯಾಮ್, ಎರಡು ಟೈಮರ್, ಒಂದು ಸೀರಿಯಲ್ ಪೋರ್ಟ್, ಹೊರಲೋಕದೊಡನೆ ವ್ಯವಹರಿಸಲು ಮೂವತ್ತೆರಡು ಪಿನ್. ಕಾಗದದ ಮೇಲೆ ನಮಗೆ ಬೇಕಾದದ್ದೆಲ್ಲ ಅಲ್ಲಿತ್ತು. ತೊಡಕು ಏನೆಂದರೆ ಆ 4 ಕಿಲೋಬೈಟಿನೊಳಗಿನ ಪ್ರೋಗ್ರಾಮನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಬೇಕು; ಸಾವಿರಗಟ್ಟಲೆ ಕೊಳ್ಳುವ ಕಂಪನಿಗಳಿಗೆ ಸರಿ, ಒಂದು ಕೊಳ್ಳುವ ಹುಡುಗನಿಗಲ್ಲ. ನಾವೇ ಬರೆದು ಅಳಿಸಬಹುದಾದ 8751 ಎಂಬ ಇನ್ನೊಂದು ರೂಪ ಇತ್ತು, ಅದರ ಬೆಲೆ ಕೇಳಿಯೇ ವಾಪಸ್ ಬರಬೇಕು. ಹಾಗಾಗಿ ಉಳಿದ ದಾರಿ 8031. ಅದರೊಳಗೆ ಪ್ರೋಗ್ರಾಂ ಇಡುವ ಜಾಗವೇ ಇಲ್ಲ. ಪಕ್ಕದಲ್ಲಿ 2764 ಎಂಬ ಇಪ್ರಾಮ್ ಇಟ್ಟು, ನಡುವೆ 74373 ಲ್ಯಾಚ್ ಹಾಕಿ, ಅಷ್ಟೂ ವೈರುಗಳನ್ನು ಬೆಸುಗೆ ಹಾಕಬೇಕು. ಮೂವತ್ತೆರಡು ಪಿನ್ನಿನಲ್ಲಿ ಹದಿನಾರು ಹೊರಗಿನ ಮೆಮರಿಯ ಜೊತೆ ಮಾತಾಡುವುದಕ್ಕೇ ಹೋಗುತ್ತಿತ್ತು.

ಇಪ್ರಾಮ್ ನೋಡಿದವರು ಈಗ ಕಡಿಮೆ. ಚಿಪ್ಪಿನ ನೆತ್ತಿಯ ಮೇಲೆ ಗುಂಡಗಿನ ಗಾಜಿನ ಕಿಟಕಿ. ಸಾಮಾನ್ಯ ಗಾಜಲ್ಲ, ಕ್ವಾರ್ಟ್ಜ್. ಮಾಮೂಲಿ ಗಾಜು ಅತಿನೇರಳೆ ಕಿರಣವನ್ನು ತಡೆಯುತ್ತದೆ, ಇದು ಬಿಡುತ್ತದೆ. ಕಿಟಕಿಯ ಕೆಳಗೆ ಸಿಲಿಕಾನ್ ಚೂರು, ಅದರ ಅಂಚಿನಿಂದ ಕಾಲುಗಳ ಕಡೆಗೆ ಎಳೆದ ಕೂದಲೆಳೆಯಂಥ ತಂತಿಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಪ್ರೋಗ್ರಾಂ ಅಳಿಸಬೇಕಾದರೆ ಅತಿನೇರಳೆ ದೀಪದ ಪೆಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಇಡಬೇಕು. ಬರೆದ ಮೇಲೆ ಬೆಳಕು ಬೀಳದಂತೆ ಕಿಟಕಿಗೆ ಸ್ಟಿಕ್ಕರ್ ಅಂಟಿಸಿ, ಅದರ ಮೇಲೆ ಬ್ಯಾಚಿನ ಹೆಸರು, ತಾರೀಖು ಬರೆಯುತ್ತಿದ್ದೆವು. ಒಂದು ಅಲ್ಪವಿರಾಮದಷ್ಟು ತಪ್ಪಿದ್ದರೂ ಮತ್ತೆ ದೀಪ, ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಪ್ರೋಗ್ರಾಮರ್ ಯಂತ್ರದ ಮುಂದೆ ಸರದಿ. ಇಡೀ ವಿಭಾಗಕ್ಕೆ ಇದ್ದದ್ದು ಒಂದೇ ಪ್ರೋಗ್ರಾಮರ್. ಅದರ ಕೀಲಿ ನನ್ನ ಹತ್ತಿರ ಇರುತ್ತಿತ್ತು. ಈ ಪದ್ಧತಿಯಲ್ಲಿ ಹುಡುಗರು ಮೊದಲು ಕಾಗದದ ಮೇಲೆ ಪ್ರೋಗ್ರಾಮನ್ನು ಸಾಲು ಸಾಲಾಗಿ ಓಡಿಸಿ ನೋಡುವುದನ್ನು ಕಲಿತರು, ಅದು ನಿಜ. ಆದರೆ ಮನೆಯಲ್ಲಿ ಕೂತು ತಾನೇ ಏನಾದರೂ ಮಾಡುತ್ತೇನೆ ಎಂಬ ಆಸೆಯನ್ನು ಈ ಪದ್ಧತಿಯೇ ಚಿವುಟಿ ಹಾಕುತ್ತಿತ್ತು, ಅದೂ ನಿಜ.

ಇದನ್ನು ಬದಲಿಸಿದ್ದು ಅಟ್ಮೆಲ್ ಕಂಪನಿ. 1993ರಲ್ಲಿ ಅದು ಎಟಿ89ಸಿ51 ಎಂಬ ಚಿಪ್ ತಂದಿತು. 8051ರದೇ ಕಾಲುಗಳು, 8051ರದೇ ಭಾಷೆ, ಒಳಗೆ ಮಾತ್ರ ಫ್ಲ್ಯಾಶ್ ಮೆಮರಿ. ಗಾಜಿನ ಕಿಟಕಿ ಇಲ್ಲ, ಅತಿನೇರಳೆ ದೀಪ ಬೇಡ. ವಿದ್ಯುತ್ತಿನಿಂದಲೇ ಅಳಿಸಿ, ಸೆಕೆಂಡುಗಳಲ್ಲಿ ಹೊಸದನ್ನು ಬರೆಯಬಹುದು. ನಮ್ಮ ಕಾಲೇಜಿಗೆ ಅದು ತಲುಪಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. 1998ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಶುರುವಾಗಿ, ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ಕೆ ಬಂದವು. ಆಮೇಲೆ 8051 ಎಲ್ಲರ ಪಾಠ, ಎಲ್ಲರ ಪರೀಕ್ಷೆ, ಎಲ್ಲರ ಪ್ರಾಜೆಕ್ಟ್ ಆಯಿತು. ಅಯಾಲ ಬರೆದ ಪುಸ್ತಕ, ಮಜಿದಿ ಬರೆದ ಪುಸ್ತಕ ಇಲ್ಲದ ಹಾಸ್ಟೆಲ್ ಕೋಣೆ ಇರಲಿಲ್ಲ. ಹೀಗೆ ಪಠ್ಯ ಒಂದು ಚಿಪ್ಪನ್ನು ಆರಿಸಿದರೆ ಅಂಗಡಿಯೂ ಅದನ್ನೇ ಇಡುತ್ತದೆ, ಸೀನಿಯರ್ ಕೂಡ ಜೂನಿಯರಿಗೆ ಅದನ್ನೇ ಹೇಳಿಕೊಡುತ್ತಾನೆ.

ಅಂಗಡಿ ಎಂದರೆ ನಮಗೆ ಬೆಂಗಳೂರಿನ ಎಸ್‌ಪಿ ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಟೌನ್ ಹಾಲಿಗೂ ಕೆ.ಆರ್. ಮಾರ್ಕೆಟ್ಟಿಗೂ ಹತ್ತಿರ. ಮುಂಬಯಿಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಗೆ ರಿಚಿ ಸ್ಟ್ರೀಟ್, ನಮಗೆ ಇದು. 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್ ಕಾರ್ಖಾನೆಗಳು ಬಂದ ಊರಿನಲ್ಲಿ ಇಂಥ ಒಂದು ಪೇಟೆ ಬೆಳೆದದ್ದು ಸಹಜ ಎಂದು ನನ್ನ ನಂಬಿಕೆ. ಫೈನಲ್ ಇಯರ್ ಪ್ರಾಜೆಕ್ಟ್ ಕಾಲದಲ್ಲಿ ಹುಡುಗರ ಜೊತೆ ನಾನೂ ಬೆಳಗಿನ ಬಸ್ಸಿಗೆ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು ಅಲ್ಲಿಗೆ ಹೋಗುತ್ತಿದ್ದೆ. ಕೈ ಚಾಚಿದರೆ ಎದುರಂಗಡಿಗೆ ತಾಗುವಂಥ ಗಲ್ಲಿಗಳು. ಸೀಲಿಂಗ್‌ವರೆಗೆ ಸಣ್ಣ ಸಣ್ಣ ಡ್ರಾಯರ್. ಚೀಟಿ ಕೊಟ್ಟರೆ ಅಂಗಡಿಯ ಹುಡುಗ ಏಣಿ ಕೂಡ ಇಲ್ಲದೆ ಮೇಲೆ ಹತ್ತಿ ತೆಗೆದುಕೊಡುತ್ತಿದ್ದ.

ಚೀಟಿಯಲ್ಲಿ ಇರುತ್ತಿದ್ದದ್ದು ಬಹುತೇಕ ಒಂದೇ ಪಟ್ಟಿ. 89ಸಿ51, ನಲವತ್ತು ಪಿನ್ ಐಸಿ ಬೇಸ್, ಕ್ರಿಸ್ಟಲ್, 33 ಪಿಕೋಫ್ಯಾರಡ್ ಕೆಪಾಸಿಟರ್ ಎರಡು, 7805, ಮ್ಯಾಕ್ಸ್232, ಜೀರೋ ಪಿಸಿಬಿ, ಸೋಲ್ಡರ್ ಲೆಡ್. ಒಂದು ಸಲ ಕೌಂಟರಿನಲ್ಲಿದ್ದ ವಯಸ್ಸಾದ ವ್ಯಾಪಾರಿ ಚೀಟಿ ಓದಿ ತಲೆ ಎತ್ತಿದರು.

"ಮೇಡಂ, ಸಿ ಫಿಫ್ಟಿವನ್ ಯಾಕೆ? ಎಸ್ ಫಿಫ್ಟಿಟೂ ತಗೊಳ್ಳಿ."

"ಏನ್ ವ್ಯತ್ಯಾಸ ಸರ್?"

"ಅದಕ್ಕೆ ಪ್ರೋಗ್ರಾಮರ್ ಬೇಡ. ಚಿಪ್ ಬೋರ್ಡಲ್ಲೇ ಇರ್ಲಿ, ಪ್ರಿಂಟರ್ ಪೋರ್ಟಿಂದ ಕೇಬಲ್ ಎಳೆದ್ರೆ ಡಂಪ್ ಆಗುತ್ತೆ. ಎಲ್ಲಾ ಹುಡುಗ್ರೂ ಈಗ ಇದನ್ನೇ ಒಯ್ತಿರೋದು."

ಎಟಿ89ಎಸ್52ರ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ಸರಿ. 8 ಕಿಲೋಬೈಟ್ ಫ್ಲ್ಯಾಶ್, 256 ಬೈಟ್ ರ್ಯಾಮ್ ಎಂಬ ಹೆಚ್ಚಳಕ್ಕಿಂತ ಆ ಕೇಬಲ್ಲೇ ದೊಡ್ಡದು. 74ಎಚ್‌ಸಿ244 ಎಂಬ ಸಣ್ಣ ಬಫರ್ ಚಿಪ್ಪನ್ನು ಪ್ಯಾರಲಲ್ ಪೋರ್ಟಿನ ಕನೆಕ್ಟರಿಗೆ ಬೆಸೆದರೆ ಮುಗಿಯಿತು. ನೂರು ರೂಪಾಯಿಯ ಒಳಗೆ ಹಾಸ್ಟೆಲ್ಲಿನ ಹುಡುಗನಿಗೆ ಸ್ವಂತದ್ದೊಂದು ಪ್ರೋಗ್ರಾಮರ್. ನನ್ನ ಕೀಲಿಗೊಂಚಲಿನ ಅಧಿಕಾರ ಅಲ್ಲಿಗೆ ಮುಗಿಯಿತು, ಅದಕ್ಕೆ ನಾನು ಸಂತೋಷಪಟ್ಟೆ. ರಾತ್ರಿ ಹನ್ನೊಂದಕ್ಕೆ ಬಂದ ಯೋಚನೆಯನ್ನು ಹನ್ನೊಂದೂವರೆಗೆ ಪರೀಕ್ಷಿಸಿ ನೋಡಬಹುದು ಎಂದಾದ ಮೇಲೆ ಹುಡುಗರ ಕೆಲಸದ ಗುಣವೇ ಬದಲಾಯಿತು.

ಆ ಚೀಟಿಯಲ್ಲಿದ್ದ ಕ್ರಿಸ್ಟಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಗಡಿಯಲ್ಲಿ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಸಿಗುತ್ತಿದ್ದರೂ ನಾವು ಕೇಳಿ ಕೊಳ್ಳುತ್ತಿದ್ದದ್ದು 11.0592 ಮೆಗಾಹರ್ಟ್ಸ್. ವಿಚಿತ್ರ ಅಂಕಿ, ಆದರೆ ಲೆಕ್ಕ ಸೊಗಸಾದದ್ದು. 8051 ತನ್ನ ಗಡಿಯಾರವನ್ನು ಹನ್ನೆರಡರಿಂದ ಭಾಗಿಸುತ್ತದೆ: 9,21,600. ಸೀರಿಯಲ್ ಪೋರ್ಟ್ ಅದನ್ನು ಮತ್ತೆ ಮೂವತ್ತೆರಡರಿಂದ ಭಾಗಿಸುತ್ತದೆ: 28,800. ಟೈಮರ್ ಮೂರು ಎಣಿಸಿ ಒಮ್ಮೆ ಸುತ್ತಿದರೆ 9,600. ಕಂಪ್ಯೂಟರಿನ ಜೊತೆ ಮಾತಾಡಲು ಬೇಕಾದ ವೇಗ ಅದೇ, ಒಂದು ಚೂರೂ ಶೇಷವಿಲ್ಲ. 12 ಮೆಗಾಹರ್ಟ್ಸ್ ಹಾಕಿ ಇದೇ ಲೆಕ್ಕ ಮಾಡಿದರೆ 9,600ಕ್ಕೆ ಬದಲು 10,416 ಬರುತ್ತದೆ, ಪರದೆಯ ಮೇಲೆ ಕಸ ಬೀಳುತ್ತದೆ. ಈ ಭಾಗಾಕಾರವನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದಾಗ ಹಿಂದಿನ ಬೆಂಚಿನ ಮುಖಗಳೂ ಅರಳುತ್ತಿದ್ದವು. ಪುಸ್ತಕದ ಅಂಕಿಗೂ ಅಂಗಡಿಯ ಡ್ರಾಯರಿಗೂ ನಡುವೆ ಒಂದು ಕಾರಣ ಇದೆ ಎಂದು ಆಗ ಗೊತ್ತಾಗುತ್ತದೆ.

8051ರ ದೌರ್ಬಲ್ಯಗಳೂ ನಮಗೆ ಬಾಯಿಪಾಠ. ಅದರ ಪಿನ್ನುಗಳು ಕರೆಂಟನ್ನು ಒಳಗೆ ಎಳೆದುಕೊಳ್ಳಬಲ್ಲವು, ಹೊರಗೆ ಕೊಡಲಾರವು. ಹಾಗಾಗಿ ಎಲ್‌ಇಡಿಯನ್ನು 5 ವೋಲ್ಟಿನ ಕಡೆಯಿಂದ ಕಟ್ಟಿ, ಪಿನ್ನಿಗೆ ಸೊನ್ನೆ ಬರೆದರೆ ಅದು ಉರಿಯುತ್ತದೆ. ಅನಲಾಗ್ ಸಂಕೇತ ಓದುವ ಶಕ್ತಿ ಅದಕ್ಕಿಲ್ಲ. ಕೋಣೆಯ ಉಷ್ಣತೆ ಅಳೆಯಲು ಎಲ್‌ಎಂ35 ಸೆನ್ಸರ್ ಹಾಕಿದರೆ, ನಡುವೆ ಇಪ್ಪತ್ತೆಂಟು ಕಾಲಿನ ಎಡಿಸಿ0808 ಬೇಕು, ಅದಕ್ಕೆ ಬೇರೆ ಗಡಿಯಾರ ಬೇಕು. ಉಷ್ಣತೆ ಅಳೆಯುವ ಒಂದು ಬೋರ್ಡಿನಲ್ಲಿ ಅರ್ಧ ಬೆಸುಗೆ ಆ ಎಡಿಸಿಗೇ ಹೋಗುತ್ತಿತ್ತು.

ಅದೇ ವರ್ಷಗಳಲ್ಲಿ ಬೇರೆ ಕಡೆ ಬೇರೆ ದಾರಿಗಳು ತೆರೆದಿದ್ದವು. ಅಮೆರಿಕದಲ್ಲಿ ಪ್ಯಾರಲ್ಯಾಕ್ಸ್ ಕಂಪನಿ 1992ರಲ್ಲೇ ಬೇಸಿಕ್ ಸ್ಟ್ಯಾಂಪ್ ತಂದಿತ್ತು. ಬೇಸಿಕ್ ಭಾಷೆಯಲ್ಲಿ ಬರೆದು ಕೇಬಲ್ ಚುಚ್ಚಿದರೆ ಸಾಕು. ಅಲ್ಲಿನ ಹವ್ಯಾಸಿಗಳು ಅದರಲ್ಲೇ ಬೆಳೆದರು, ಅದರ ಬೆಲೆಗೆ ಅದು ಎಸ್‌ಪಿ ರಸ್ತೆಯ ಡ್ರಾಯರಿಗೆ ಇಳಿಯಲೇ ಇಲ್ಲ. ಮೈಕ್ರೋಚಿಪ್ ಕಂಪನಿಯ ಪಿಐಸಿ ಚಿಪ್ಪುಗಳು ಬಂದವು, ನಮ್ಮಲ್ಲಿ ಕೆಲವರು ಅದರ ಕಡೆ ವಾಲಿದರು. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಆಲ್ಫ್ ಎಗಿಲ್ ಬೋಗನ್, ವೇಗಾರ್ಡ್ ವೋಲನ್ ಎಂಬಿಬ್ಬರು ವಿದ್ಯಾರ್ಥಿಗಳು ಒಂದು ಹೊಸ ಪ್ರೊಸೆಸರ್ ವಿನ್ಯಾಸ ಮಾಡಿದ್ದರು. ಅಟ್ಮೆಲ್ ಅದನ್ನು ಎವಿಆರ್ ಎಂಬ ಹೆಸರಲ್ಲಿ ಮಾರಾಟಕ್ಕೆ ಇಳಿಸಿತು. ಮೊದಲ ಎವಿಆರ್‌ಗಳಲ್ಲಿ ಒಂದಾದ ಎಟಿ90ಎಸ್8515ರ ಕಾಲುಗಳು 8051ರ ಕಾಲುಗಳಂತೆಯೇ ಇದ್ದವು. ಹಳೆಯ ಬೋರ್ಡಿಗೆ ಹಾಗೇ ಕೂರುತ್ತಿತ್ತು, ರೀಸೆಟ್ ಸಂಕೇತ ಮಾತ್ರ ಉಲ್ಟಾ. ಹಳಬರನ್ನು ಹೊಸ ಮನೆಗೆ ಕರೆತರಲು ಇದಕ್ಕಿಂತ ಜಾಣ ಉಪಾಯ ನಾನು ಕಂಡಿಲ್ಲ. ಮುಂದೆ 2016ರಲ್ಲಿ ಮೈಕ್ರೋಚಿಪ್ ಕಂಪನಿಯೇ ಅಟ್ಮೆಲ್ಲನ್ನು ಕೊಂಡಿತು. ಪಿಐಸಿ ಮೇಲೋ ಎವಿಆರ್ ಮೇಲೋ ಎಂದು ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ವಾದ ಮಾಡಿದವರ ಎರಡೂ ಪಕ್ಷ ಒಂದೇ ಮನೆ ಸೇರಿದವು.

ಅಷ್ಟರಲ್ಲಿ ನಮ್ಮ ಕೇಬಲ್ಲಿಗೆ ಗ್ರಹಚಾರ ಶುರುವಾಯಿತು. 2005ರ ಆಚೀಚೆ ಹುಡುಗರು ಲ್ಯಾಪ್‌ಟಾಪ್ ಕೊಳ್ಳತೊಡಗಿದರು, ಲ್ಯಾಪ್‌ಟಾಪಿನಲ್ಲಿ ಪ್ಯಾರಲಲ್ ಪೋರ್ಟ್ ಇಲ್ಲ. ಬೆಸುಗೆ ಹಾಕಿದ ಕೇಬಲ್ಲುಗಳೆಲ್ಲ ಒಂದೆರಡು ವರ್ಷದಲ್ಲಿ ಮೂಲೆ ಸೇರಿದವು. ಯುಎಸ್‌ಬಿ ಪ್ರೋಗ್ರಾಮರ್‌ಗಳು ಬಂದವು, ಆದರೆ ಡ್ರೈವರ್ ಕೂರಿಸುವುದರಲ್ಲೇ ಹುಡುಗರು ಸುಸ್ತಾಗುತ್ತಿದ್ದರು. ಮತ್ತೆ ಪ್ರೋಗ್ರಾಂ ಇಳಿಸುವ ದಾರಿಯಲ್ಲೇ ತಡೆ.

ಅದಕ್ಕೆ ಉತ್ತರ ಬಂದದ್ದು ಇಟಲಿಯ ಇವ್ರಿಯಾ ಎಂಬ ಸಣ್ಣ ಊರಿನಿಂದ. ಟೈಪ್‌ರೈಟರ್ ಮಾಡುತ್ತಿದ್ದ ಒಲಿವೆಟ್ಟಿ ಕಂಪನಿಯ ಊರು ಅದು. ಅಲ್ಲಿ ಒಂದು ಇಂಟರಾಕ್ಷನ್ ಡಿಸೈನ್ ಸಂಸ್ಥೆ ಇತ್ತು. ಅಲ್ಲಿ ಓದುತ್ತಿದ್ದವರಲ್ಲಿ ಹೆಚ್ಚಿನವರು ಎಲೆಕ್ಟ್ರಾನಿಕ್ಸ್ ಕಲಿಯದ ವಿನ್ಯಾಸಕಾರರು. ಕೊಲಂಬಿಯಾದಿಂದ ಬಂದ ಹರ್ನಾಂಡೋ ಬರಗಾನ್ ಎಂಬ ವಿದ್ಯಾರ್ಥಿ 2003ರಲ್ಲಿ ತನ್ನ ಪದವಿ ಪ್ರಬಂಧಕ್ಕಾಗಿ 'ವೈರಿಂಗ್' ಎಂಬ ಬೋರ್ಡು ಮತ್ತು ಅದಕ್ಕೆ ಸರಳ ಭಾಷೆ ರೂಪಿಸಿದ. ಮಾರ್ಗದರ್ಶಕರು ಮಾಸಿಮೊ ಬಾಂಜಿ ಮತ್ತು ಕೇಸಿ ರಿಯಾಸ್. ರಿಯಾಸ್ ಆಗಲೇ ಬೆನ್ ಫ್ರೈ ಜೊತೆ ಚಿತ್ರಕಾರರಿಗಾಗಿ 'ಪ್ರೊಸೆಸಿಂಗ್' ಎಂಬ ಪ್ರೋಗ್ರಾಮಿಂಗ್ ಸಾಧನ ಮಾಡಿದ್ದವರು; ಪ್ರೋಗ್ರಾಂ ಬರೆಯುವ ಅದರ ಕಿಟಕಿಯ ರೂಪವೇ ವೈರಿಂಗಿಗೆ ಬಂತು, ಅಲ್ಲಿಂದ ಮುಂದಿನ ಆರ್ಡುಯಿನೋ ಬೋರ್ಡಿಗೂ ಬಂತು. 2005ರಲ್ಲಿ ಬಾಂಜಿ, ಡೇವಿಡ್ ಕ್ವಾರ್ತಿಯೇಯಸ್, ಟಾಮ್ ಐಗೋ, ಜಿಯಾನ್ಲುಕಾ ಮಾರ್ಟಿನೊ, ಡೇವಿಡ್ ಮೆಲ್ಲಿಸ್ ಸೇರಿ ವೈರಿಂಗಿನ ತಂತ್ರಾಂಶವನ್ನು ಎಟಿಮೆಗಾ8 ಎಂಬ ಅಗ್ಗದ ಚಿಪ್ಪಿಗೆ ಹೊಂದಿಸಿ ಆರ್ಡುಯಿನೋ ಮಾಡಿದರು. ಊರಿನ ಒಂದು ಬಾರಿನ ಹೆಸರು ಬೋರ್ಡಿಗೆ ಬಂತು. ಆ ಬಾರಿಗೆ 1002ರಲ್ಲಿ ಇಟಲಿಯ ದೊರೆಯಾದ ಇವ್ರಿಯಾದ ಆರ್ಡುಯಿನನ ಹೆಸರು. ಈ ಕತೆ ಹೇಳುವಾಗ ಐವರ ಹೆಸರು ಬರುತ್ತದೆ, ಬರಗಾನ್ ಹೆಸರು ಬಿಟ್ಟುಹೋಗುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ. ನಾನು ಪಾಠ ಮಾಡುವಾಗ ಮೊದಲು ಹೇಳುವುದು ಅವನ ಹೆಸರನ್ನೇ. ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್ ಲೋಕದ ಕೆಲಸದ ರೀತಿಯನ್ನೇ ಬದಲಿಸಿತು ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಾಗಬೇಕು.

ಆರ್ಡುಯಿನೋದ ಗುಟ್ಟು ಚಿಪ್ಪಿನಲ್ಲಿಲ್ಲ, ಬೂಟ್‌ಲೋಡರಿನಲ್ಲಿದೆ. ಚಿಪ್ಪಿನೊಳಗೆ ಮೊದಲೇ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಚಾಲೂ ಆದ ಕೂಡಲೇ ಅದು ಸೀರಿಯಲ್ ದಾರಿಯ ಕಡೆ ಕಿವಿಗೊಟ್ಟು, ಹೊಸ ಪ್ರೋಗ್ರಾಂ ಬರುತ್ತಿದ್ದರೆ ತಾನೇ ಫ್ಲ್ಯಾಶಿಗೆ ಬರೆದುಕೊಳ್ಳುತ್ತದೆ, ಬರದಿದ್ದರೆ ಹಳೆಯದನ್ನು ಓಡಿಸುತ್ತದೆ. ಮುಂದೆ ಬಂದ ಆರ್ಡುಯಿನೋ ಉನೋ ಬೋರ್ಡಿನಲ್ಲಿ ಇದಕ್ಕೆ 32 ಕಿಲೋಬೈಟಿನಲ್ಲಿ ಅರ್ಧ ಕಿಲೋಬೈಟ್ ಸಾಕು. ಮೊದಲ ಬೋರ್ಡುಗಳಲ್ಲಿ ಸರಿಯಾದ ಹೊತ್ತಿಗೆ ರೀಸೆಟ್ ಗುಂಡಿ ಒತ್ತಬೇಕಿತ್ತು. 2007ರ ಡಿಯೆಚಿಮಿಲಾ ಬೋರ್ಡಿನಲ್ಲಿ ಕಂಪ್ಯೂಟರೇ ಒಂದು ಸಣ್ಣ ಕೆಪಾಸಿಟರ್ ಮೂಲಕ ಚಿಪ್ಪನ್ನು ರೀಸೆಟ್ ಮಾಡತೊಡಗಿತು. ಪ್ರೋಗ್ರಾಮರ್ ಯಂತ್ರವೇ ಬೇಡ. ಒಂದು ಯುಎಸ್‌ಬಿ ವೈರ್, ಒಂದು ಕ್ಲಿಕ್. ನನ್ನ ಬೀರುವಿನ ಕೀಲಿಯಿಂದ ಶುರುವಾದ ದಾರಿ ಇಲ್ಲಿಗೆ ಬಂದು ಮುಟ್ಟಿತು.

ಎರಡನೆಯ ಗುಟ್ಟು ಬೋರ್ಡಿನ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟದ್ದು. ಇವ್ರಿಯಾದ ಸಂಸ್ಥೆ ಮುಚ್ಚುವ ಸ್ಥಿತಿಯಲ್ಲಿತ್ತು, ಮಾಡಿದ ಕೆಲಸ ಅದರೊಡನೆ ಹೂತುಹೋಗಬಾರದು ಎಂದು ವಿನ್ಯಾಸವನ್ನು ಮುಕ್ತ ಲೈಸೆನ್ಸಿನಲ್ಲಿ ಬಿಟ್ಟರು. ಆದ್ದರಿಂದಲೇ ಚೀನಾದಲ್ಲಿ ಅದರ ನಕಲು ತಯಾರಾಗಿ, ಮೂಲ ಬೋರ್ಡಿನ ಬೆಲೆಯ ಒಂದು ಪಾಲಿಗೆ ಎಸ್‌ಪಿ ರಸ್ತೆಗೆ ಬಂತು. ನಕಲಿನಲ್ಲಿ ಯುಎಸ್‌ಬಿಗೆ ಸಿಎಚ್340 ಎಂಬ ಅಗ್ಗದ ಚಿಪ್, ಅದಕ್ಕೆ ಬೇರೆ ಡ್ರೈವರ್ ಹಾಕಬೇಕು, ಅಷ್ಟೇ. ಉನೋ 2010ರಲ್ಲಿ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ನಮ್ಮ ಪ್ರಾಜೆಕ್ಟ್ ಪ್ರದರ್ಶನದ ಮೇಜುಗಳಲ್ಲಿ ಲೈನ್ ಫಾಲೋವರ್ ರೋಬೋ, ಆರ್‌ಎಫ್‌ಐಡಿ ಹಾಜರಿ, ಗಿಡಕ್ಕೆ ತಾನೇ ನೀರು ಬಿಡುವ ಯಂತ್ರ ಎಲ್ಲದರ ಕೆಳಗೂ ಅದೇ ನೀಲಿ ಬೋರ್ಡು. ಆರು ಅನಲಾಗ್ ಪಿನ್ ಅದರಲ್ಲೇ ಇದ್ದವು. ಎಡಿಸಿ0808 ಎಂಬ ಹೆಸರು ಕೇಳದ ಬ್ಯಾಚುಗಳು ಹೊರಬಂದವು.

ಆ ಬೋರ್ಡನ್ನು ಹತ್ತಿರದಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 7ನೇ ಪಿನ್ನಿಗೂ 8ನೇ ಪಿನ್ನಿಗೂ ನಡುವಿನ ಅಂತರ ಉಳಿದವಕ್ಕಿಂತ ಹೆಚ್ಚು. ಎಲ್ಲ ಪಿನ್ನುಗಳ ನಡುವೆ ಒಂದು ಇಂಚಿನ ಹತ್ತನೇ ಒಂದು ಭಾಗ ಇದ್ದರೆ ಇಲ್ಲಿ 0.16 ಇಂಚು. ಮೊದಲ ವಿನ್ಯಾಸದಲ್ಲಿ ನುಸುಳಿದ ತಪ್ಪು ಅದು. ಗೊತ್ತಾಗುವಷ್ಟರಲ್ಲಿ ಮೇಲೆ ಕೂರುವ ಶೀಲ್ಡುಗಳು ಆ ಅಳತೆಗೇ ತಯಾರಾಗಿದ್ದವು, ಸರಿಪಡಿಸಿದರೆ ಅವು ಕೂರುವುದಿಲ್ಲ, ಹಾಗೇ ಬಿಟ್ಟರು. ನಮ್ಮ ಜೀರೋ ಪಿಸಿಬಿಯ ತೂತುಗಳು 0.1 ಇಂಚಿಗೆ ಇರುವುದರಿಂದ ಹುಡುಗರು ಇಕ್ಕಳದಲ್ಲಿ ಪಿನ್ ಬಗ್ಗಿಸಿ ಕೂರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ವಿಭಾಗದ ಹಿರಿಯ ಮೇಷ್ಟ್ರುಗಳಿಗೆ ಇದು ಇಷ್ಟವಾಗಲಿಲ್ಲ. ಲೈಬ್ರರಿ ಎಳೆದು ನಾಲ್ಕು ಸಾಲು ಬರೆಯುವುದು ಕಲಿಕೆಯೇ ಎಂದು ಸ್ಟಾಫ್ ರೂಮಿನಲ್ಲಿ ಚರ್ಚೆಯಾಗುತ್ತಿತ್ತು. ಅವರ ಆತಂಕ ನನಗೆ ಅರ್ಥವಾಗುತ್ತದೆ. 3ಇ, 06, 80 ಎಂದು ಕಲಿತವಳು ನಾನು. ಆದರೂ ನನ್ನ ಅನುಭವ ಬೇರೆ. ಕಿಟ್ಟಿನ ಕಾಲದಲ್ಲಿ ನಾಲ್ಕೈದು ಜನರ ಗುಂಪಿನಲ್ಲಿ ಒಬ್ಬನೇ ಕಲಿಯುತ್ತಿದ್ದ, ಉಳಿದವರು ರೆಕಾರ್ಡ್ ಬುಕ್ ಬರೆಯುತ್ತಿದ್ದರು. ಉನೋ ಬಂದ ಮೇಲೆ, ಅದರಲ್ಲೂ ಹೆಣ್ಣುಮಕ್ಕಳು, ತಂತಮ್ಮ ಬೋರ್ಡು ಬ್ಯಾಗಿನಲ್ಲಿಟ್ಟು ಮನೆಗೆ ಒಯ್ಯತೊಡಗಿದರು. ರಿಜಿಸ್ಟರ್ ಮಟ್ಟದ ಕುತೂಹಲ ಇರುವವರಿಗೆ ಉನೋದೊಳಗಿನ ಎಟಿಮೆಗಾ328 ಚಿಪ್ಪಿನ ರಿಜಿಸ್ಟರುಗಳು ಅಲ್ಲೇ ಇವೆ, ಯಾರೂ ಬಾಗಿಲು ಹಾಕಿಲ್ಲ.

ಆಮೇಲಿನ ಕತೆ ಬೇಗ ಬೇಗ ನಡೆಯಿತು. 2014ರಲ್ಲಿ ಶಾಂಘಾಯಿಯ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಬಂತು. ಎಂಟೇ ಪಿನ್ನಿನ ಇಎಸ್‌ಪಿ-01 ಎಂಬ ಚೂರು ವೈಫೈ ಕೊಡುತ್ತಿತ್ತು. ಅದಕ್ಕೂ ಮುಂಚೆ ಆರ್ಡುಯಿನೋಗೆ ವೈಫೈ ಸೇರಿಸಲು ಬೋರ್ಡಿಗಿಂತ ಹೆಚ್ಚು ದುಡ್ಡು ಬೇಕಿತ್ತು. ಮೊದಲು ಅದನ್ನು ಆರ್ಡುಯಿನೋದ ಬಾಲಕ್ಕೆ ಕಟ್ಟಿದರು, ಆಮೇಲೆ ಅದರ ಒಳಗಿನ ಪ್ರೊಸೆಸರೇ ಎಟಿಮೆಗಾಕ್ಕಿಂತ ಬಲಶಾಲಿ ಎಂದು ತಿಳಿದು ಬಾಲವೇ ತಲೆಯಾಯಿತು. 2016ರಲ್ಲಿ ಇಎಸ್‌ಪಿ32.

ಆದರೆ ವೈಫೈ ಇದ್ದಲ್ಲಿ ಮಾತ್ರ ಈ ಚಿಪ್ಪುಗಳ ಬೆಲೆ ತಿಳಿಯುತ್ತದೆ. ನಮ್ಮ ಹುಡುಗರಲ್ಲಿ ಅರಕಲಗೂಡು, ಹೊಳೆನರಸೀಪುರ ಕಡೆಯ ರೈತರ ಮಕ್ಕಳು ಬಹಳ. ಅವರ ಪ್ರಾಜೆಕ್ಟ್ ಯಾವಾಗಲೂ ಒಂದೇ: ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೋ ಬರುತ್ತದೆ, ರಾತ್ರಿ ತೋಟಕ್ಕೆ ಹೋಗದೆ ಪಂಪ್‌ಸೆಟ್ ಚಾಲೂ ಮಾಡಬೇಕು. ತೋಟದಲ್ಲಿ ವೈಫೈ ಎಲ್ಲಿಂದ ಬರಬೇಕು? ಅಲ್ಲಿಗೆ ಸಿಮ್ ಕಾರ್ಡ್ ಹಾಕುವ ಜಿಎಸ್‌ಎಂ ಮಾಡ್ಯೂಲೇ ಬೇಕು, ಅದರ ಜೊತೆಗೆ ಹಳೆಯ 89ಎಸ್52 ಕೂಡ ಸಾಕು. ಸಿಮ್800 ಎಂಬ ಇಂಥ ಮಾಡ್ಯೂಲ್ ನೆಟ್‌ವರ್ಕ್ ಹುಡುಕುವಾಗ ಕ್ಷಣಮಾತ್ರ ಎರಡು ಆಂಪಿಯರ್‌ವರೆಗೆ ಎಳೆಯುತ್ತದೆ. ವಿದ್ಯುತ್ ಪೂರೈಕೆ ಕುಸಿದರೆ ಮಾಡ್ಯೂಲ್ ಆಫ್ ಆಗಿ ಮತ್ತೆ ಆನ್ ಆಗಿ ಸುತ್ತುತ್ತಲೇ ಇರುತ್ತದೆ. ಚಿಪ್ ಯಾವುದು ಎಂದು ತಿಂಗಳುಗಟ್ಟಲೆ ಚರ್ಚಿಸಿದ ಎಷ್ಟೋ ಪ್ರಾಜೆಕ್ಟುಗಳು ಕೊನೆಗೆ ನಿಂತದ್ದು ಆ ಕುಸಿತ ತಡೆಯುವ ಒಂದು ದಪ್ಪ ಕೆಪಾಸಿಟರಿನ ಮೇಲೆ.

ಕೋವಿಡ್ ನಂತರದ ಚಿಪ್ ಬರಗಾಲದಲ್ಲಿ ಎಟಿಮೆಗಾ328 ಸಿಗುವುದೇ ಕಷ್ಟವಾಗಿ ಬೆಲೆ ಏರಿತು. ಅದೇ ಹೊತ್ತಿಗೆ, 2021ರ ಜನವರಿಯಲ್ಲಿ, ಬ್ರಿಟನ್ನಿನ ರಾಸ್ಪ್‌ಬೆರಿ ಪೈನವರು ಪಿಕೋ ಎಂಬ ನಾಲ್ಕು ಡಾಲರಿನ ಬೋರ್ಡು ತಂದರು. ಅದರ ಗುಂಡಿ ಒತ್ತಿ ಕಂಪ್ಯೂಟರಿಗೆ ಚುಚ್ಚಿದರೆ ಪೆನ್ ಡ್ರೈವ್ ಆಗಿ ಕಾಣುತ್ತದೆ, ಫೈಲ್ ಎಳೆದು ಹಾಕಿದರೆ ಕೆಲಸ ಮುಗಿಯಿತು. ಡ್ರೈವರ್ ಕಾಟವೂ ಇಲ್ಲ. ತಿರುವನಂತಪುರದ ಸಿ-ಡ್ಯಾಕ್ ಈಗ ತೇಜಸ್32 ಎಂಬ ಸ್ವದೇಶಿ ಚಿಪ್ಪಿನ ಏರೀಸ್ ಬೋರ್ಡುಗಳನ್ನು ತಂದಿದೆ. ಆರ್ಡುಯಿನೋ ಕಿಟಕಿಯಿಂದಲೇ ಅದಕ್ಕೂ ಪ್ರೋಗ್ರಾಂ ಇಳಿಸಬಹುದು. ಅದು ಎಸ್‌ಪಿ ರಸ್ತೆಯ ಡ್ರಾಯರಿಗೆ ಇಳಿಯುವ ದಿನವನ್ನು ನಾನು ಎದುರು ನೋಡುತ್ತಿದ್ದೇನೆ. ಆರ್ಡುಯಿನೋವನ್ನೇ ಕೊಳ್ಳುವುದಾಗಿ ಕ್ವಾಲ್ಕಾಮ್ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಮುಂದೇನಾದರೂ ಆಗಲಿ, ತೆರೆದಿಟ್ಟ ನಕ್ಷೆಗಳನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು.

ನಿವೃತ್ತಿಯ ಮೇಲೆ ನಾನು ಹತ್ತಿರದ ಒಂದು ಹೈಸ್ಕೂಲಿನ ಅಟಲ್ ಟಿಂಕರಿಂಗ್ ಲ್ಯಾಬಿಗೆ ಹೋಗುತ್ತಿದ್ದೇನೆ. 2016ರಲ್ಲಿ ನೀತಿ ಆಯೋಗ ಶುರು ಮಾಡಿದ ಯೋಜನೆ ಅದು. ಕಳೆದ ವರ್ಷ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಊರಿನ ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವುದನ್ನು ನಿಲ್ಲಿಸಬೇಕು ಎಂದು ಹಟ ಹಿಡಿದಳು.

"ಮಿಸ್, ಇಎಸ್‌ಪಿ32 ಹಾಕೋಣ. ಮೊಬೈಲಲ್ಲೇ ನೀರು ಎಷ್ಟಿದೆ ಅಂತ ಕಾಣುತ್ತೆ."

"ಮೋಟಾರ್ ಮನೇಲಿ ವೈಫೈ ಇದೆಯೇನಮ್ಮಾ?"

"ಇಲ್ಲ."

"ಕೆಟ್ಟೋದ್ರೆ ಯಾರು ರಿಪೇರಿ ಮಾಡ್ತಾರೆ?"

ಅವಳು ಸ್ವಲ್ಪ ಯೋಚಿಸಿ, "ನೀರಗಂಟಿ ಮಾವ" ಅಂದಳು.

ಅಲ್ಲಿಗೆ ಬೋರ್ಡು ತೀರ್ಮಾನವಾಯಿತು. ಆರ್ಡುಯಿನೋ ನ್ಯಾನೋ ಹಾಕಿದೆವು, ಉನೋದ ಚಿಪ್ಪೇ, ಆದರೆ ಪಿನ್ನುಗಳೆಲ್ಲ ಸರಿಯಾಗಿ 0.1 ಇಂಚಿಗೆ ಇರುವುದರಿಂದ ಜೀರೋ ಪಿಸಿಬಿಯ ಮೇಲಿನ ಸಾಕೆಟ್ಟಿಗೆ ಬಗ್ಗಿಸದೆ ಕೂರುತ್ತದೆ. ಟ್ಯಾಂಕಿನಲ್ಲಿ ಎರಡು ಫ್ಲೋಟ್ ಸ್ವಿಚ್, ಉದ್ದನೆಯ ವೈರಿನ ಗದ್ದಲ ಒಳಗೆ ಬರದಂತೆ ಆಪ್ಟೋಕಪ್ಲರ್, ಸ್ಟಾರ್ಟರಿಗೆ ಒಂದು ರಿಲೇ. ಅದೇ ಪ್ರೋಗ್ರಾಂ ಇಳಿಸಿದ ಇನ್ನೊಂದು ನ್ಯಾನೋವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿದ್ದಾಳೆ. ಯಾವ ಕಡೆ ಯುಎಸ್‌ಬಿ ಬರುವಂತೆ ಕೂರಿಸಬೇಕು ಎಂದು ಕೆಂಪು ಪೇಂಟಿನಲ್ಲಿ ಬಾಣದ ಗುರುತು ಹಾಕಿ, ಕಿತ್ತು ಹಾಕುವುದನ್ನು ನೀರಗಂಟಿಯ ಕೈಯಲ್ಲೇ ಮಾಡಿಸಿ ನೋಡಿದಳು. ಮಳೆಗಾಲದಲ್ಲಿ ಸಿಡಿಲಿಗೆ ಮೊದಲನೆಯದು ಸುಟ್ಟಾಗ ಅವರು ಯಾರನ್ನೂ ಕರೆಯದೆ ಎರಡನೆಯದನ್ನು ಕೂರಿಸಿ, ಸುಟ್ಟದ್ದನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಬಂದು, "ಇದೇ ಥರದ್ದು ಇನ್ನೊಂದು ಮಾಡಿಕೊಡವ್ವಾ" ಎಂದು ಅವಳ ಕೈಗೆ ಕೊಟ್ಟರು.